ಇಳಿಯಲು ಕಲಿಸಿದ ಕಾಕ

ಕಾಕನ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳೊಡನೆ ಜಗಳವಾಡಿದಂತೆ ದೂರ ನಿಂತಿದ್ದವು. ವಿಟ್ಲದ ಕಡೆ ಹದಿನೈದು ವರ್ಷ ತೆಂಗಿನಮರ ಹತ್ತಿದ ಕಾಲುಗಳು ಅವು. ಕೊಲ್ಲಿ ದೇಶದ ಅಲ್ ಮವಾಲೇಹ್‌ನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ತರಕಾರಿ ಅಂಗಡಿ ಇಟ್ಟ ಮೇಲೂ ಆ ಕಾಲುಗಳಿಗೆ ಶೂ ಒಗ್ಗಲಿಲ್ಲ. ಅವರು ಬ್ಯಾರಿ ಮುಸ್ಲಿಮರು, ನಾವು ಕೊಂಕಣಿ ಕ್ರೈಸ್ತರು. ಆದರೂ ಇಡೀ ಕಟ್ಟಡಕ್ಕೆ ಅವರು ಕಾಕನೇ, ಊರಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಅವರಿಗೆ ನಾನು ಬಾಯಮ್ಮ.

ಮರಳುಗಾಡಿನ ಅಂಚಿನಲ್ಲಿ ಎರಡು ತೆಂಗಿನಮರದೆತ್ತರದ ಒಂದು ಬಂಡೆ ಇತ್ತು. ಯಾರು ಬೇಕಾದರೂ ಹೋಗಿ ಹತ್ತಬಹುದಿತ್ತು. ಶುಕ್ರವಾರ ನಸುಕಿನಲ್ಲಿ ಕಾಕನ ಪಿಕಪ್ ಮುಂದೆ, ಕಟ್ಟಡದ ನಮ್ಮೆಲ್ಲರ ಕಾರುಗಳು ಹಿಂದೆ. ಜುಮಾ ನಮಾಜಿಗೆ ಮೊದಲೇ ವಾಪಸು. ಮೊದಲ ಸಲ ಕಾಕ ಊರಿನ ಅಭ್ಯಾಸದಂತೆ ಎರಡೂ ಪಾದಗಳಿಗೆ ಹಗ್ಗದ ಬಳೆ ಹಾಕಿಕೊಂಡು ಹತ್ತಲು ಹೋಗಿ, ಅಕ್ಕಿಮೂಟೆಯಂತೆ ಜಾರಿ ಬಿದ್ದಿದ್ದರಂತೆ. ಹೊಸಬರು ಬಂದಾಗಲೆಲ್ಲ ಗಲ್ಲದ ಗಾಯದ ಕಲೆ ತೋರಿಸಿ, ಮರದಂತೆ ಬಂಡೆಯನ್ನು ತಬ್ಬಿಕೊಳ್ಳಲು ಆಗುವುದಿಲ್ಲವೆಂದು ತಾವೇ ನಗುತ್ತಿದ್ದರು.

ನನಗೆ ಆಗ ನಲವತ್ನಾಲ್ಕು. ಆಫೀಸಿನ ಕುರ್ಚಿಗೆ ಅಂಟಿದ ಮೈ, ಬಾಲ್ಕನಿಯಿಂದ ಬಗ್ಗಿದರೆ ತಲೆಸುತ್ತು. ಕಾಕ ಐದು ತಿಂಗಳು ನನಗೆ ಇಳಿಯುವುದನ್ನಷ್ಟೇ ಕಲಿಸಿದರು. ಬಂಡೆಯ ಹಿಂಬದಿಯ ಇಳಿಜಾರಿನಲ್ಲಿ ಒಂದಾಳೆತ್ತರ ಹತ್ತಬೇಕು, ಇಳಿಯಬೇಕು, ಆಮೇಲೆ ಎರಡಾಳೆತ್ತರ. ಕಟ್ಟಡದ ಹುಡುಗರು ಹಗ್ಗ ಹಿಡಿದು ತುದಿ ಮುಟ್ಟಿ ಕೂಗುವಾಗ ನನಗೆ ಹೊಟ್ಟೆಕಿಚ್ಚು. ಕೇಳಿದರೆ, "ತೆಂಗಿನಮರದ ಮೇಲೆ ಯಾರೂ ಸಂಸಾರ ಮಾಡುವುದಿಲ್ಲ ಬಾಯಮ್ಮ, ಇಳೀಲಿಕ್ಕೇ ಉಂಟು" ಎನ್ನುತ್ತಿದ್ದರು. ಕೊನೆಗೊಂದು ದಿನ, ಬರುವ ಶುಕ್ರವಾರ ತುದಿಗೆ ಎಂದರು. ಆ ವಾರವೆಲ್ಲ ನನಗೆ ನಿದ್ದೆಯಿಲ್ಲ.

ಆ ಶುಕ್ರವಾರ ಹೋದರೆ ಬಂಡೆಯ ಸುತ್ತ ತಂತಿಬೇಲಿ, ಒಬ್ಬ ಕಾವಲುಗಾರ. ಜಾಗ ಯಾವುದೋ ರೆಸಾರ್ಟಿಗೆ ಹೋಗಿತ್ತು. ಹಿಂದಿನಿಂದ ನುಸುಳೋಣವೆಂದು ಹುಡುಗರು. ಕಾಕ ಸಿಟ್ಟಾದದ್ದನ್ನು ನಾನು ಕಂಡದ್ದು ಅಂದೊಂದೇ ದಿನ. ಇಷ್ಟು ವರ್ಷ ಮರ್ಯಾದೆಯಿಂದ ಹತ್ತಿದ ಬಂಡೆಯನ್ನು ಕಳ್ಳರ ಹಾಗೆ ಹತ್ತಬೇಡಿ ಎಂದರು. ನನಗೆ ಅಳುವೇ ಬಂದಿತ್ತು.

ಕಾಕ ಕಾವಲುಗಾರನ ಬಳಿ ಹೋಗಿ ಅರಬ್ಬಿ, ಹಿಂದಿ ಬೆರೆಸಿ ಮಾತಾಡಿದರು. ಬಂಡೆಯ ತುದಿಗೆ ಕಟ್ಟಿಟ್ಟಿದ್ದ ನಮ್ಮ ಹಗ್ಗಗಳನ್ನು ಬಿಚ್ಚಿಕೊಂಡು, ಕಸ ಹೆಕ್ಕಲು ಒಂದು ಗಂಟೆ ಬಿಡುವಂತೆ ಕೇಳಿದರು. ಅವನು ಒಪ್ಪಿದ. ಆಗ ಕಾಕ ಮೊಣಕಾಲು ಉಜ್ಜುತ್ತಾ, ತನಗೆ ಗಂಟುನೋವು, ಮೇಲಿನ ಹಗ್ಗ ಬಿಚ್ಚಲು ಬಾಯಮ್ಮನೇ ಹೋಗಬೇಕು ಎಂದರು. ಕಾಕನಿಗೆ ಗಂಟುನೋವಿದ್ದದ್ದು ಆ ಒಂದು ಗಂಟೆ ಮಾತ್ರ.

ಅವರು ಕೆಳಗೆ ಹಗ್ಗ ಹಿಡಿದರು, ನಾನು ಹತ್ತಿದೆ. ತುದಿಯಲ್ಲಿ ಒಂದು ಚಾಪೆಯಷ್ಟು ಜಾಗ. ಗಂಟು ಬಿಚ್ಚಿ ಹಗ್ಗವನ್ನು ಕೆಳಗೆ ಎಸೆದ ಮೇಲೆಯೇ ಹೊಳೆದದ್ದು, ಇನ್ನು ನನಗೆ ಹಗ್ಗವಿಲ್ಲ. ಹಿಂಬದಿಗೆ ಬಂದೆ. ಪಾದಗಳು ಒಂದೊಂದೇ ಮೆಟ್ಟನ್ನು ತಾವೇ ಹುಡುಕಿಕೊಂಡವು. ಕಾಕ ಕೆಳಗೆ ಬಿದ್ದ ಹಗ್ಗ ಸುತ್ತಿಡುತ್ತಿದ್ದರು.

ನೆಲ ಮುಟ್ಟಿದಾಗ ಕೇಳಿದರು, "ಮೇಲೆ ನಮ್ಮದು ಏನಾದ್ರೂ ಉಂಟಾ?"

"ಏನೂ ಇಲ್ಲ ಕಾಕ."

"ಹಾಗಾದ್ರೆ ಖಲಾಸ್."

ಕಾಕ ಕಳೆದ ವರ್ಷ ಊರಿನಲ್ಲಿ ತೀರಿಕೊಂಡರು. ಬೇಲಿಯ ಜಾಗದಲ್ಲಿ ಈಗ ಗೋಡೆಯಿದೆ. ನಾನು ಆ ಕಡೆ ಹೋಗುವುದಿಲ್ಲ, ಹೋಗದಿದ್ದರೂ ಅಲ್ಲಿ ಕಲಿತದ್ದೇನೂ ಕಡಿಮೆಯಾಗಿಲ್ಲ. ಬಂಡೆ ಇಳಿದ ಆ ಶುಕ್ರವಾರದ ಮರುದಿನ ಟೊಮೇಟೊ ತರಲು ಹೋದವಳು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಒಳಗೆ ಕಾಕ ಯಾರೋ ಗಿರಾಕಿಗೆ ಸೌತೆಕಾಯಿ ತೂಗುತ್ತಾ ಹೇಳುತ್ತಿದ್ದರು: "ಹತ್ತುವವರು ಬೇಕಾದಷ್ಟು ಜನ ಉಂಟು. ನಮ್ಮ ಬಾಯಮ್ಮ ಇಳಿದಿದ್ದಾರೆ, ಹಗ್ಗ ಇಲ್ಲದೆ."