ಲಂಕೆಯ ಕೆಂಪು ಕಾಯಿಚಟ್ನಿ

ಅದರಲ್ಲಿ ಮೀನಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಅಕ್ಕನ ತಟ್ಟೆಗೆ ನನ್ನ ಕೈಯಾರೆ ಬಡಿಸಿದೆ — ಒಂದು ಸಲವಲ್ಲ, ಅಲ್ಲಿದ್ದಷ್ಟು ದಿನವೂ. ಆಮೇಲೆ ಅವಳೇ ಎದುರಿಗೆ ನಿಂತು ಕೇಳಿದಾಗ ಗೊತ್ತಿರಲಿಲ್ಲ ಅಂದುಬಿಟ್ಟೆ. ಇವೆರಡರಲ್ಲಿ ಯಾವುದು ದೊಡ್ಡ ತಪ್ಪು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ ಗಿರಿಜಕ್ಕ. ಬಿಳಿಗೆರೆಯ ಒಂದೇ ಮನೆಗೆ ಅಣ್ಣತಮ್ಮಂದಿರ ಹೆಂಡಿರಾಗಿ ಬಂದವರು ನಾವು. ಅವಳಿಗೆ ಮಕ್ಕಳಾಗಲಿಲ್ಲ, ನನ್ನ ಮಗಳು ಸುಮಾ ಬೆಳೆದದ್ದೆಲ್ಲ ಅವಳ ಸೊಂಟದ ಮೇಲೆಯೇ. ಬೆಳಗ್ಗೆ ಮಿಂದು ಶಿವಪೂಜೆ ಮುಗಿಯುವ ತನಕ ಬಾಯಿಗೆ ಒಂದು ಹನಿ ನೀರು ಬಿಟ್ಟುಕೊಳ್ಳದ ಹೆಂಗಸು. ಬೇಕರಿಯಲ್ಲಿ ಮೊಟ್ಟೆ ಕಂಡರೆ ಸಾಕು, ಆ ಅಂಗಡಿಯ ಬನ್ನನ್ನೂ ಮುಟ್ಟುತ್ತಿರಲಿಲ್ಲ. ಅದೆಲ್ಲ ನನಗೆ ಅತಿ ಅನ್ನಿಸುತ್ತಿತ್ತು, ಆದರೂ ಅವಳ ಮೇಲೆ ಗೌರವವಿತ್ತು — ಸುಮಾಳ ಮದುವೆಯವರೆಗೆ.

ಸುಮಾ ಮೆಚ್ಚಿದ ಹುಡುಗ ಹುಳಿಯಾರು ಕಡೆಯ ಹಟ್ಟಿಯವನು. ಕುರಿ ಸಾಕುವ ಮನೆ, ಬಾಡು ಉಣ್ಣುವ ಜನ. ನಾವು ಗಂಡ ಹೆಂಡಿರು ಒಪ್ಪಿದೆವು, ಅಕ್ಕ ಒಪ್ಪಲಿಲ್ಲ. ನಮ್ಮಲ್ಲಿ ಮಗಳು ಗಂಡನ ಮನೆಗೆ ಹೊರಡುವಾಗ ಮನೆಯ ಹಿರಿಯ ಮುತ್ತೈದೆ ಮಡಿಲಕ್ಕಿ ತುಂಬಬೇಕು — ಸೆರಗಿಗೆ ಅಕ್ಕಿ, ಬೆಲ್ಲ, ನಮ್ಮದೇ ಅಟ್ಟದ ಕೊಬ್ಬರಿ. ಸುಮಾ ಸೆರಗೊಡ್ಡಿ ಕೂತೇ ಇದ್ದಳು. ನಾನು ಹಿತ್ತಲಿಗೆ ಹೋಗಿ ಕರೆದೆ, ಕಾಲಿಗೆ ಬೀಳುವುದೊಂದು ಬಾಕಿ.

“ನೀರೂ ಮುಟ್ಟಕ್ಕಾಗ್ದಿರೋ ಮನೆಗೆ ಕಳ್ಸಕ್ಕೆ ನನ್ನ ಕೈ ಯಾಕೆ ಬೇಕು? ನೀನೇ ತುಂಬ್ಕೋ ಹೋಗು,” ಅಂದಳು.

ಕೊನೆಗೆ ಪಕ್ಕದ ಮನೆಯಾಕೆ ಬಂದು ತುಂಬಿದಳು. ನನ್ನ ಮಗಳು ತಿರುತಿರುಗಿ ಹಿತ್ತಲ ಬಾಗಿಲನ್ನು ನೋಡುತ್ತಾ ಹೋದಳಲ್ಲ — ಆ ಮುಖ ನನ್ನ ಹೊಟ್ಟೆಯೊಳಗೆ ಕೆಂಡದ ಹಾಗೆ ಕೂತುಬಿಟ್ಟಿತು.

ಮಾರನೆಯ ವರ್ಷ ನಮ್ಮ ಕಡೆಯ ತೆಂಗು ಬೆಳೆಗಾರರ ಗುಂಪೊಂದು ಶ್ರೀಲಂಕಾದ ತೋಟಗಳನ್ನು ನೋಡಲು ಹೊರಟಿತು. ಅಣ್ಣತಮ್ಮಂದಿರಿಬ್ಬರೂ ಹೆಸರು ಕೊಟ್ಟು ನಮ್ಮನ್ನೂ ಕರೆದುಕೊಂಡು ಹೋದರು. ನಾವಿಳಿದದ್ದು ತೋಟದ ನಡುವಿನ ಒಂದು ಮನೆಯಲ್ಲಿ. ಗಂಡಸರು ಬೆಳಗಾಗುತ್ತಲೇ ಮೊಸರನ್ನದ ಬುತ್ತಿ ಕಟ್ಟಿಸಿಕೊಂಡು ತೋಟ ಸುತ್ತಲು ಹೋದರೆ ನಾವಿಬ್ಬರೇ ಆ ಮನೆಯಾಕೆಯ ಜೊತೆ. ಎಂಥ ಊಟ ಹಾಕಿದಳು ಆಕೆ! ಅಂಚು ಗರಿಗರಿ, ನಡುವೆ ಮೆತ್ತಗೆ ಇರುವ ಅಪ್ಪ. ಕಾಯಿಹಾಲಲ್ಲಿ ಬೇಯಿಸಿ ತುಂಡು ತುಂಡಾಗಿ ಕೊಯ್ದ ಅನ್ನ. ಎಳೆ ಹಲಸಿನ ಪಲ್ಯ, ಎಮ್ಮೆ ಮೊಸರಿನ ಮೇಲೆ ಕಪ್ಪು ಬೆಲ್ಲದ ಪಾಕ. ನಾವೋ, ಕಾಯನ್ನು ಅಟ್ಟಕ್ಕೇರಿಸಿ ಒಣಗಿಸಿ ಕೊಬ್ಬರಿ ಮಾಡಿ ಮಾರುವ ಜನ. ಆಕೆ ಕಾಯಿ ಒಡೆದು ಒಡೆದು ಹಾಲು ಹಿಂಡುವುದನ್ನು ನೋಡಿ ಅಕ್ಕನಿಗೆ ಜೀವ ತಡೆಯಲಿಲ್ಲ. “ಒಂದ್ ಹೊತ್ತಿನ ಊಟಕ್ಕೆ ಎಷ್ಟ್ ಕಾಯಿ ನೋಡೇ! ನಮ್ಮತ್ತೆ ಇದ್ದಿದ್ರೆ ಎದೆ ಎದೆ ಬಡ್ಕೊಳ್ಳೋಳು,” ಅಂದಳು.

ಪ್ರತಿಯೊಂದು ಪಾತ್ರೆಯನ್ನೂ ತೋರಿಸಿ, “ಇದ್ರಲ್ಲೇನೈತೆ ಕೇಳೇ,” ಅಂತ ನನ್ನನ್ನು ಮುಂದೆ ಬಿಡುತ್ತಿದ್ದಳು. ನಾನು ಪಿಯುಸಿ ಓದಿದವಳು, ಹರಕುಮುರುಕು ಇಂಗ್ಲಿಷು ಬರುತ್ತಿತ್ತು. ಬೇಳೆಗೂ ಕೇಳಿಸಿದಳು, ಸೊಪ್ಪಿಗೂ ಕೇಳಿಸಿದಳು. ಕೆಂಪಗಿನ ಆ ಕಾಯಿಚಟ್ನಿಗೆ ಮಾತ್ರ ಕೇಳಿಸಲಿಲ್ಲ. “ಕಾಯ್ಗೇನ್ ಕೇಳೋದು? ಕಾಯಿ ಕಾಯೇ,” ಅಂದಳು. ತೆಂಗಿನ ಸೀಮೆಯವರು ನಾವು. ಕಾಯನ್ನು ಅನುಮಾನಿಸುವುದು ನಮಗೆ ಬರುವುದೇ ಇಲ್ಲ.

ಆದರೆ ನಾನು ಅದನ್ನು ಮಾಡುವಾಗಲೇ ನೋಡಿದ್ದೆ. ಮೊದಲ ದಿನ ಬೆಳಗ್ಗೆ ಬಿಸಿನೀರು ತರಲು ಅಡಿಗೆಮನೆಗೆ ಹೋದಾಗ ಆಕೆ ಒಣಮೆಣಸಿನಕಾಯಿಯ ಜೊತೆ ಕಟ್ಟಿಗೆಯ ಚಕ್ಕೆಯಂಥದ್ದೇನನ್ನೋ ಕುಟ್ಟುತ್ತಿದ್ದಳು. ಏನದು ಅಂದೆ. ಒಣಮೀನು ಅಂದಳು. ನಾವು ಮೀನು ಮಾಂಸ ತಿನ್ನುವುದಿಲ್ಲ ಅಂತ ಗುಂಪಿನವರು ಆಕೆಗೆ ಹೇಳಿದ್ದರು, ಪಾಪ — ಚಟ್ನಿಗೆ ಉದುರಿಸುವ ಈ ಚೂರನ್ನು ಆಕೆ ಮೀನು ಅಂತಲೇ ಲೆಕ್ಕ ಹಿಡಿದಿರಲಿಲ್ಲ. ನನ್ನ ಮುಖ ನೋಡಿ ಕೈ ತಡೆದಳು. ಇದನ್ನು ಬಿಟ್ಟು ಮಾಡಲೇ ಅಂತ ಕೇಳಿದಳು. ಕೇಳಿದಳು ಆಕೆ! ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

“ನೋ, ನೋ. ವೆರಿ ಗುಡ್,” ಅಂದೆ.

ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಸೆರಗೊಡ್ಡಿ ಕೂತ ನನ್ನ ಮಗಳು. ನೀರೂ ಮುಟ್ಟದವಳು ಅಲ್ಲವೇ ನೀನು, ತಿನ್ನು ಈಗ — ಹೀಗೇ ಅಂದುಕೊಂಡೆ ಮನಸ್ಸಿನಲ್ಲಿ. ಅಕ್ಕ ಅಪ್ಪದ ಅಂಚು ಮುರಿದು ಆ ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟು, “ಅಬ್ಬಬ್ಬಾ, ಏನ್ ರುಚಿ ಕಣೇ!” ಅಂದಳು. ನಾನು ಬಟ್ಟಲು ಎಳೆದುಕೊಂಡು, “ಇನ್ನೊಸಿ ಹಾಕ್ಸ್ಕೊಳ್ಳಕ್ಕ,” ಅಂತ ಬಡಿಸಿದೆ. ನೀನೂ ತಿನ್ನೇ ಅಂದಿದ್ದಕ್ಕೆ, ಖಾರ ನನಗೆ ಆಗಿಬರುವುದಿಲ್ಲ ಅಂದೆ. ಒಳಗೊಳಗೇ ಖುಷಿಯಾಗಿತ್ತು ನನಗೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಖುಷಿಯಾಗಿದ್ದು ನಿಜ.

ವಾಪಸು ಬರುವಾಗ ವಿಮಾನದಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡಳು. “ಆವಮ್ಮ ಯಾರೋ, ಎತ್ತಲೋ. ಜಾತಿ ಕೇಳ್ದೆ ಕುಲ ಕೇಳ್ದೆ ಉಂಡ್ನಲ್ಲೇ. ನಮ್ ಸುಮನ ಮನೇಲಿ ಉಣ್ಣಕ್ಕೆ ನಂಗೇನಾಗಿತ್ತು ದೊಡ್ರೋಗ? ತಪ್ಪು ಮಾಡ್ದೆ ಕಣೇ,” ಅಂತ ಅತ್ತಳು.

ಚಟ್ನಿ ಬಡಿಸಿದ ಕೈಯಲ್ಲೇ ಅವಳ ಕಣ್ಣೊರೆಸಿದೆ.

ಊರಿಗೆ ಬಂದ ವಾರದೊಳಗೇ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿಕೊಂಡು ಹಟ್ಟಿಗೆ ಹೋದಳು. ಬೀಗರೆಲ್ಲರ ಎದುರಿಗೆ ಸುಮಾಳ ಮಡಿಲು ತುಂಬಿದಳು. ಸುಮಾ ಹೊಸ ಪಾತ್ರೆಯಲ್ಲಿ ಬೇರೆಯಾಗಿ ಅಡಿಗೆ ಮಾಡಿದ್ದಳು, ಅಕ್ಕ ಹೊಟ್ಟೆ ತುಂಬ ಉಂಡಳು. ದೊಡ್ಡಮ್ಮ ಮಗಳಿಬ್ಬರೂ ತಬ್ಬಿಕೊಂಡು ಅಳುವಾಗ ನಾನೂ ಅತ್ತೆ. ಅವರ ಅಳುವೇ ಬೇರೆ, ನನ್ನದೇ ಬೇರೆ.

ಅಷ್ಟಕ್ಕೇ ನಿಂತಿದ್ದರೆ ಈ ಗುಟ್ಟು ನನ್ನ ಜೊತೆಯಲ್ಲೇ ಮಣ್ಣಾಗುತ್ತಿತ್ತೋ ಏನೋ. ಅಕ್ಕನಿಗೆ ಆ ಚಟ್ನಿಯ ಹುಚ್ಚು ಹಿಡಿಯಿತು. ಹಸಿಕಾಯಲ್ಲಿ ಮಾಡಿದಳು, ಕೊಬ್ಬರಿಯಲ್ಲಿ ಮಾಡಿದಳು, ನಿಂಬೆಹಣ್ಣು ಹಿಂಡಿದಳು, ಈರುಳ್ಳಿ ಬದಲಾಯಿಸಿದಳು. ನಾಲಿಗೆಗೆ ಹಚ್ಚಿಕೊಂಡು, “ಏನೋ ಒಂದ್ ಕಮ್ಮಿ ಕಣೇ,” ಅನ್ನುವಳು. ನಾನು ಒಲೆಯ ಕಡೆಗೆ ತಿರುಗಿಕೊಳ್ಳುವೆ. ದೊಡ್ಡಮ್ಮನ ಆಸೆ ತೀರಿಸೋಣವೆಂದು ಸುಮಾ ಒಂದು ದಿನ ನಮ್ಮ ಅಡಿಗೆಮನೆಯಲ್ಲೇ ಕೂತು ಮೊಬೈಲಿನಲ್ಲಿ ಹುಡುಕಿದಳು. ನಗುನಗುತ್ತಲೇ ಅಂದಳು — “ಅಯ್ಯೋ ದೊಡ್ಡಮ್ಮ, ಇದ್ರಲ್ಲಿ ಒಣಮೀನು ಹಾಕ್ತಾರಂತೆ!”

ಅಕ್ಕ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಎಂದೋ ತಿಂದದ್ದಕ್ಕೆ ಅವತ್ತು. ನಾನು ನೀರಿನ ಚೊಂಬು ಹಿಡಿದು ಹಿಂದೆ ನಿಂತಿದ್ದೆ. ಮುಖ ತೊಳೆದುಕೊಂಡು ತಿರುಗಿದಳು.

“ನಿಂಗೊತ್ತಿತ್ತಾ?”

“ಇಲ್ಲ ಕಣಕ್ಕ.”

“ನಿಂಗೆಂಗೊತ್ತಿರ್ತದೆ ಬುಡು. ಕೇಳ್ಬೇಕಾಗಿದ್ದೋಳು ನಾನು. ಆ ಮಗೀನ ಬೈಬ್ಯಾಡ.”

ಅವತ್ತಿನಿಂದ ಅಕ್ಕ ದೇವರಕೋಣೆಯೊಳಕ್ಕೆ ಕಾಲಿಟ್ಟಿಲ್ಲ. ತಿಳಿಯದೆ ಆದದ್ದಕ್ಕೆ ದೋಷವಿಲ್ಲ ತಾಯಿ ಎಂದು ಮನೆಗೆ ಬರುವ ಅಯ್ಯನವರು ಎಷ್ಟೋ ಹೇಳಿದರು. “ತಿಂದಿದ್ದು ತಿಳೀದೆ ಸರಿ ಸ್ವಾಮಿ. ಆಮ್ಯಾಲೂ ಅದೇ ರುಚಿ ಬೇಕು ಅಂತ ಒದ್ದಾಡ್ತಲ್ಲ ಈ ನಾಲ್ಗೆ,” ಅಂದಳು. ಸುಮಾ ಫೋನಿನಲ್ಲಿ ಈಗಲೂ, ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಕಣಮ್ಮ ಅಂತ ಅಳುತ್ತಾಳೆ. ನನ್ನ ತಪ್ಪನ್ನು ಹೊತ್ತು ಒದ್ದಾಡುತ್ತಿರುವವರು ಇಬ್ಬರು. ನಿಜ ಹೇಳಿದರೆ ಅಕ್ಕ ಮತ್ತೆ ಸುಮಾಳನ್ನು ದೂರ ಮಾಡಿಬಿಟ್ಟಾಳು ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೆದರಿದ್ದು ನನ್ನ ಮರ್ಯಾದೆಗೆ.

ಈಗ ಪೂಜೆ ಮಾಡುವವಳು ನಾನು. ಅಕ್ಕನೇ ಒಪ್ಪಿಸಿದ್ದು. “ನೀನ್ ಮಾಡೇ. ನೀನು ಅದ್ನ ಮುಟ್ಟೇ ಇರ್ಲಿಲ್ವಲ್ಲ, ಪುಣ್ಯವಂತೆ,” ಅಂದಿದ್ದಳು. ದಿನಾ ಬೆಳಗ್ಗೆ ನಾನು ಒಳಗೆ, ಅವಳು ಹೊಸ್ತಿಲಾಚೆ. ನಾನು ಕೊಟ್ಟ ತೀರ್ಥವನ್ನು ಕಣ್ಣಿಗೊತ್ತಿಕೊಂಡು ಕುಡಿಯುತ್ತಾಳೆ.

ನಾಳೆ ಬೆಳಗ್ಗೆ ನಾನು ಒಳಗೆ ಹೋಗುವುದಿಲ್ಲ. ನೀನು ಹೋಗಕ್ಕ ಅನ್ನುತ್ತೇನೆ. ಯಾಕೆ ಅನ್ನುತ್ತಾಳೆ. ಹೇಳುತ್ತೇನೆ.