ಬಳೆಗಾರ್ತಿ ಹಮೀದಾಬಿಯ ತಕರಾರು

ಧಾರಾವಾಹಿಯ ಮಂದಾಕಿನಿ ಸತ್ತು ಆರು ತಿಂಗಳಾದ ಮೇಲೆ ಬೇರೆ ಮುಖ ಹೊತ್ತುಕೊಂಡು ಅದೇ ಮನೆಗೆ ಬಂದಳು. ಕಾರು ಕಣಿವೆಗೆ ಬಿದ್ದಿತ್ತಂತೆ, ಯಾರೋ ದೊಡ್ಡ ಡಾಕ್ಟರು ಹೊಸ ಮುಖ ಮಾಡಿಕೊಟ್ಟಿದ್ದರಂತೆ. ಗಂಡ ಗುರುತು ಹಿಡಿಯಲಿಲ್ಲ, ಅತ್ತೆ ಹಿಡಿಯಲಿಲ್ಲ. ಮನೆಯ ನಾಯಿ ಮಾತ್ರ ಬಾಲ ಅಲ್ಲಾಡಿಸಿತು. ಇಷ್ಟನ್ನೂ ಮೂಡಲಗಿಯ ಹೆಂಗಸರು ತಾಳ್ಮೆಯಿಂದ ನುಂಗಿಕೊಂಡರು. ನುಂಗದೆ ಉಳಿದವಳು ಹಮೀದಾಬಿ ಒಬ್ಬಳೇ.

ಹಮೀದಾಬಿಯ ಬಳೆ ಅಂಗಡಿಗೆ ಹತ್ತಿಕೊಂಡೇ ನನ್ನ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ನಾನು ತ್ರಿಶಲಾ, ತವರು ಮಸಗುಪ್ಪಿ, ಗಂಡನ ಮನೆ ಇದೇ ಮೂಡಲಗಿ. ಎರಡೂ ಅಂಗಡಿಗಳ ನಡುವೆ ಎದೆಯೆತ್ತರದ ಹಲಗೆಯೊಂದೇ ಅಡ್ಡ, ಹಾಗಾಗಿ ಅಲ್ಲಿ ನಡೆಯುವುದೆಲ್ಲ ನನಗೆ ಕುಳಿತಲ್ಲಿಂದಲೇ ಕಾಣುತ್ತದೆ. ನನ್ನ ಅತ್ತೆ ಜಿನ್ನವ್ವ ಊಟವಾದದ್ದೇ ತಡ ಆ ಅಂಗಡಿಗೆ ಬಂದು ಕೂರುತ್ತಾರೆ. ಮಧ್ಯಾಹ್ನ ಎರಡಕ್ಕೆ ಹಿಂದಿನ ರಾತ್ರಿಯ ಧಾರಾವಾಹಿ ಮತ್ತೆ ಹಾಕುತ್ತಾರಲ್ಲ, ಅದಕ್ಕೆ.

ಬಳೆ ಅಂಗಡಿಯಲ್ಲಿ ಟಿವಿ ಯಾಕೆ ಎಂದು ನಾನೂ ಮೊದಲು ಆಡಿಕೊಂಡಿದ್ದೆ. ಅದು ಷೋಕಿಗೆ ಇಟ್ಟದ್ದಲ್ಲ ಎಂದು ಆಮೇಲೆ ತಿಳಿಯಿತು. ಕೈಯನ್ನೇ ನೋಡುತ್ತ ಕೂತ ಹೆಂಗಸು ನೋವಾಗುತ್ತದೆಂದು ಹೆದರಿ ಬಿಗಿ ಹಿಡಿಯುತ್ತಾಳೆ, ಬಿಗಿ ಹಿಡಿದ ಕೈಗೆ ಬಳೆ ಏರುವುದಿಲ್ಲ. ಟಿವಿ ನೋಡುತ್ತ ಬಾಯಿ ತೆರೆದು ಕೂತರೆ ಕೈ ತಾನಾಗಿ ಸಡಿಲಾಗುತ್ತದೆ. ಹಮೀದಾಬಿಯೂ ಕೈ ನೋಡುವುದಿಲ್ಲ. ಕಣ್ಣು ಟಿವಿಯ ಮೇಲೆ, ನಾಲಿಗೆ ಧಾರಾವಾಹಿಯವರ ಮೇಲೆ, ಬೆರಳುಗಳು ಮಾತ್ರ ಗಿರಾಕಿಯ ಅಂಗೈ ಹಿಚುಕಿ, ಹೆಬ್ಬೆರಳು ಒಳಗೆ ಮಡಚಿ, ಡಜನ್ ಬಳೆಯನ್ನು ಐದು ನಿಮಿಷದಲ್ಲಿ ಏರಿಸಿಬಿಡುತ್ತವೆ. ನಲವತ್ತು ವರ್ಷದಲ್ಲಿ ಒಬ್ಬ ಹೆಂಗಸಿನ ಕೈಯಲ್ಲೂ ಬಳೆ ಒಡೆದವಳಲ್ಲ ಎಂದು ಪೇಟೆಯಲ್ಲಿ ಹೆಸರು. ಗಂಡ ಯಾಕೂಬಸಾಬ ತೀರಿಕೊಂಡ ಮೇಲೆ ಅಂಗಡಿ ನಿಂತದ್ದೂ ಆ ಹೆಸರಿನ ಮೇಲೆಯೇ.

ಆ ಮಧ್ಯಾಹ್ನ ಟಿವಿಯಲ್ಲಿ ಮಂದಾಕಿನಿಯ ಸೀಮಂತ. ಅವಳ ಮದುವೆಗೆ ಬಳೆ ಇಟ್ಟ ಮುದುಕಿಯೇ ಈಗಲೂ ಬುಟ್ಟಿ ಹೊತ್ತು ಬಂದಳು. ಕೈ ಹಿಡಿದಳು, ಬಳೆ ಇಟ್ಟಳು, "ನೀವು ಯಾವ ಊರಿನವರಮ್ಮ?" ಎಂದು ಕೇಳಿದಳು. ಹಮೀದಾಬಿ ಕೈಯಲ್ಲಿದ್ದ ಬಳೆಯ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು.

"ಇದನ್ನ ಮಾತ್ರ ನಾ ಒಪ್ಪಂಗಿಲ್ಲ. ಮಾರಿ ಬದಲಾಗಲಿ, ಡಾಕ್ಟರ ಮಾಡ್ತಾರ. ಕೈ ಬದಲಾಗ್ತೈತೇನು? ಮದವಿಗೆ ಬಳಿ ಇಟ್ಟಾಕಿ ಅದ ಕೈ ಹಿಡಕೊಂಡು ಯಾವ ಊರು ಅಂತ ಕೇಳ್ತಾಳ. ಅಂಥಾಕಿ ಬಳಿ ಬಿಟ್ಟು ಬದನಿಕಾಯಿ ಮಾರ್ಬೇಕು."

"ಅದು ಟಿವಿ, ಹಮೀದಾ," ಎಂದರು ನಮ್ಮ ಅತ್ತೆ. "ಗುರ್ತ ಹಿಡದ್ರ ಕತಿ ಇವತ್ತ ಮುಗೀತೈತಿ. ನಾಳೆ ನಾವೇನು ನೋಡೂಣು?"

"ಹಾಲ ಹಾಕೂ ಸುಂದ್ರವ್ವ ಮಾರಿ ಮುಚ್ಚಿಕೊಂಡು ಬಂದ್ರೂ ಕೈ ಮುಟ್ಟಿ ಹೇಳ್ತೇನಿ ನಾ," ಎಂದಳು ಹಮೀದಾಬಿ.

ಸುಂದ್ರವ್ವ ಅಲ್ಲೇ ಇದ್ದಳು. ಪರೀಕ್ಷೆ ಮಾಡಿಯೇಬಿಡೋಣ ಎಂದು ಅವಳೂ ಅತ್ತೆಯೂ ಎದ್ದು, ಬಾಗಿಲಿಗೆ ಅಡ್ಡವಾಗಿ ಒಂದು ಚಾದರ ಹಿಡಿದರು. ಅತ್ತ ಹಮೀದಾಬಿ, ಇತ್ತ ನಾವು ನಾಲ್ವರು. ಚಾದರದ ಕೆಳಗಿನಿಂದ ಒಂದೊಂದೇ ಕೈ ಒಳಗೆ ಹೋಯಿತು. ನನ್ನದನ್ನೂ ಸುಂದ್ರವ್ವನದನ್ನೂ ಮುಟ್ಟುತ್ತಲೇ ಹೇಳಿದಳು, ಅದೇನು ದೊಡ್ಡದಲ್ಲ. ನಮ್ಮ ಅತ್ತೆಯ ಕೈ ಹಿಡಿದು, "ಜಿನ್ನಕ್ಕ, ಇವತ್ತ ಅಷ್ಟಮಿ ಏನು? ಈ ಕೈ ಮುಂಜಾನಿಂದ ರೊಟ್ಟಿ ಬಡದಿಲ್ಲ," ಎಂದಳು. ಅಂದು ಅಷ್ಟಮಿ, ಅತ್ತೆಗೆ ಉಪವಾಸ. ಕೊನೆಯದು ಸುಂದ್ರವ್ವನ ತಂಗಿಯ ಮಗಳ ಕೈ, ಗೋಕಾಕದಿಂದ ಬಂದಿದ್ದ ಕಾಲೇಜು ಹುಡುಗಿ. ಹಮೀದಾಬಿ ಅದನ್ನು ಎರಡು ಸಲ ಮಡಚಿ ಬಿಡಿಸಿ, "ಇದಕ್ಕ ಒಂದ ಸಲ ಇಟ್ಟೇನಿ. ಆಗ ಭಾಳ ಸಣ್ಣದಿತ್ತು, ಅತ್ತಿತ್ತು," ಎಂದಳು. ಆ ಹುಡುಗಿ ಏಳು ವರ್ಷದವಳಿದ್ದಾಗ ದೊಡ್ಡಮ್ಮನ ಜೊತೆ ಬಂದು ಅತ್ತು ಬಳೆ ಇಡಿಸಿಕೊಂಡಿದ್ದಳಂತೆ.

ಯಾರೂ ನಗಲಿಲ್ಲ. ದೇವರು ಮನುಷ್ಯರಿಗೆ ಕೊಡುವ ವಿದ್ಯೆಗಳಲ್ಲಿ ಇಂಥದ್ದೂ ಒಂದಿದೆ, ಅದೂ ನನ್ನ ಹಲಗೆಯ ಆಚೆಗೆ, ಎಂದು ಬೆರಗಾಗಿ ಕೂತೆ. ಹಮೀದಾಬಿ ಮಾತ್ರ ನನ್ನನ್ನು ಕರೆದು, "ತ್ರಿಶಲಾ, ಚಾನೆಲ್ಲಿನವರಿಗೆ ಒಂದು ಪತ್ರ ಬರಿ. ಬಳಿಗಾರ್ತಿಗೆ ಕೈ ಗುರ್ತ ಸಿಗಂಗಿಲ್ಲ ಅನ್ನೂದು ಸುಳ್ಳು, ತಿದ್ದಿಕೋರಿ ಅಂತ," ಎಂದಳು. ನಾನು ಬರೆದೆ. ಆದರೆ ಪತ್ರ ಹೋಗಲಿಲ್ಲ, ಏಕೆಂದರೆ ದಿನವೂ ಒಂದು ತಕರಾರು ಸೇರುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿದವಳ ತುಟಿಗೆ ರಂಗು ಯಾಕೆ? ಕಣಿವೆಗೆ ಬಿದ್ದವಳ ಮೈಮೇಲೆ ಒಂದು ಗೀರೂ ಇಲ್ಲವಲ್ಲ, ಹತ್ತರಗಿಯ ಹೈವೇ ಬಾಜೂ ಇರುವ ನನ್ನ ಅಣ್ಣನನ್ನು ಕೇಳಿ, ಆಕ್ಸಿಡೆಂಟು ಅಂದರೆ ಏನೆಂದು ಹೇಳುತ್ತಾನೆ. ಒಂದೇ ಏಳನೇ ತಿಂಗಳನ್ನು ಎಷ್ಟು ತಿಂಗಳು ತೋರಿಸುತ್ತೀರಿ? ಪತ್ರ ನನ್ನ ಕಂಪ್ಯೂಟರಿನಲ್ಲಿ ಉದ್ದವಾಗುತ್ತಲೇ ಹೋಯಿತು.

ಹಮೀದಾಬಿಯ ಆ ಹತ್ತರಗಿಯ ಅಣ್ಣನ ಸುದ್ದಿ ಹೇಳಿದರೆ ತಬಸ್ಸುಮಳ ಸುದ್ದಿಯನ್ನೂ ಹೇಳಬೇಕು. ತಬಸ್ಸುಮ ಹಮೀದಾಬಿಯ ಒಬ್ಬಳೇ ಮಗಳು. ಅಣ್ಣನ ಮಗನಿಗೆ ಕೊಡುವುದೆಂದು ಮಾತಾಗಿತ್ತು. ಹುಡುಗಿ ಆ ಮಾತು ಮುರಿದು, ಹುಕ್ಕೇರಿಯಲ್ಲಿ ಗ್ಯಾರೇಜು ಇಟ್ಟಿರುವ ಫಯಾಜನನ್ನು ಮದುವೆಯಾದಳು. ಹತ್ತರಗಿಯವರು ಅಂಗಡಿಯ ಮುಂದೆ ನಿಂತು ಹತ್ತು ಮಂದಿಯ ಎದುರು ಕೂಗಾಡಿದಾಗ ಹಮೀದಾಬಿ, "ನನಗ ಮಗಳಿಲ್ಲ," ಎಂದುಬಿಟ್ಟಳು. ಐದು ವರ್ಷ ಆ ಮಾತನ್ನು ಕಾಯ್ದುಕೊಂಡು ಬಂದಳು. ಯಾರೂ ಅಂಗಡಿಯಲ್ಲಿ ಆ ಹೆಸರು ಎತ್ತುತ್ತಿರಲಿಲ್ಲ.

ಪತ್ರ ಶುರುವಾದ ವಾರವೇ, ಸಂತೆಯ ದಿನ, ಬುರ್ಖಾ ತೊಟ್ಟು ಮುಖ ಮುಚ್ಚಿದ ಹೆಂಗಸೊಬ್ಬಳು ನನ್ನ ಅಂಗಡಿಗೆ ಬಂದು ತಾಯಿ ಕಾರ್ಡಿನ ಝೆರಾಕ್ಸ್ ಕೇಳಿದಳು. ಕಾರ್ಡಿನ ಮೇಲೆ ಹೆಸರು ನೋಡಿ ತಲೆ ಎತ್ತಿದೆ. ಅವಳು ಪರದೆ ಸರಿಸಿದಳು. ತಬಸ್ಸುಮ. ಹುಕ್ಕೇರಿಯಿಂದ ಗೋಕಾಕಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಐದನೇ ತಿಂಗಳು.

"ವೈನಿ, ನಾ ಬಂದೇನಂತ ಹೇಳಬ್ಯಾಡ್ರಿ," ಎಂದಳು. "ಅಮ್ಮಿ ಕಡೆ ಬಳಿ ಇಡಿಸ್ಕೋತೇನಿ. ಕೈ ಹಿಡದ್ರ ಆಕಿಗೆ ಗೊತ್ತಾಗ್ತೈತಿ. ಗೊತ್ತಾಗಿ ಕರದ್ರ ಒಳಗ ಹೋಗ್ತೇನಿ. ಕರೀಲಿಲ್ಲಂದ್ರ ಹುಟ್ಟೂ ಕೂಸಿಗೆ ನಾನಿ ಇಲ್ಲಂತ ತಿಳ್ಕೋತೇನಿ."

ನಾನು ಒಪ್ಪಿದೆ. ಒಪ್ಪದೆ ಏನು, ಒಳಗೊಳಗೇ ಹಿಗ್ಗಿದೆ. ಚಾದರದ ಆಚೆಯಿಂದ ಉಪವಾಸ ಕಂಡುಹಿಡಿದವಳಿಗೆ ಸ್ವಂತ ಮಗಳ ಕೈ ತಿಳಿಯದೇ? ತಬಸ್ಸುಮಳ ಎಡಗೈ ಹೆಬ್ಬೆರಳು ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಗಂಟು ಉಬ್ಬಿಕೊಂಡಿತ್ತು, ಪೂರ್ತಿ ಮಡಚುತ್ತಿರಲಿಲ್ಲ. ಆ ಕೈಗೆ ಕಿರುಬೆರಳ ಕಡೆಯಿಂದ ಓರೆಯಾಗಿಯೇ ಬಳೆ ಏರಿಸಬೇಕು. ಅವಳು ಹೋಗಿ ಕೂತು ಅದೇ ಕೈಯನ್ನು ಮೊದಲು ಚಾಚಿದಳು. ನಾನು ಹಲಗೆಗೆ ಅಂಟಿಕೊಂಡು ನಿಂತೆ.

ಹಮೀದಾಬಿ ಕೈ ತೆಗೆದುಕೊಂಡಳು. ಕಣ್ಣು ಟಿವಿಯ ಮೇಲೆಯೇ ಇತ್ತು. ಕಿರುಬೆರಳ ಕಡೆಯಿಂದ ಓರೆಯಾಗಿ ಒಂದು ಬಳೆ ಏರಿಸಿದಳು. ಇನ್ನೊಂದು. ಅಂದೇಕೋ ಕೆಲಸ ಬಹಳ ನಿಧಾನ. ಧಾರಾವಾಹಿ ಮುಗಿದು ಜಾಹೀರಾತು ಬಂದರೂ ಡಜನ್ ಮುಗಿದಿರಲಿಲ್ಲ. ವಯಸ್ಸಾಯಿತು, ಪಾಪ, ಎಂದುಕೊಂಡೆ. ಕೊನೆಗೆ ಕೈ ಬಿಟ್ಟು, "ಆತು ನೋಡ್ರಿ ಅಕ್ಕಾರ. ಹುಷಾರಾಗಿ ಹೋಗ್ರಿ," ಎಂದಳು, ಗಿರಾಕಿಗೆ ಹೇಳುವಂತೆ.

ತಬಸ್ಸುಮ ನನ್ನ ಅಂಗಡಿಯ ಮೂಲೆಯಲ್ಲಿ ನಿಂತು ಪರದೆಯೊಳಗೇ ಅತ್ತಳು. "ಗುರ್ತ ಸಿಗಲಿಲ್ಲೋ, ಸಿಕ್ಕೂ ಸುಮ್ಮನಿದ್ಲೋ? ಯಾವುದು ಕೆಟ್ಟದ್ದು, ಹೇಳ್ರಿ ವೈನಿ," ಎಂದಳು. ಗುರುತು ಸಿಗಲಿಲ್ಲ ಎಂದೇ ನಾನು ನಂಬಿದೆ, ಬೇರೆಯದನ್ನು ನಂಬಲು ಮನಸ್ಸಾಗಲಿಲ್ಲ. ಮರುತಿಂಗಳೂ ಬಂದಳು, ಮತ್ತೆ ಅದೇ ಆಯಿತು. ಆಮೇಲೆ ನನಗೆ ಹಮೀದಾಬಿಯ ಮೇಲೆ ಸಿಟ್ಟು ಹತ್ತಿತು. ಟಿವಿಯ ಮುದುಕಿಯನ್ನು ದಿನಾ ಬೈಯುತ್ತಾಳೆ, ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಕೈ ಹಿಡಿದು ಅಕ್ಕಾರ ಅನ್ನುತ್ತಾಳೆ. "ಪತ್ರ ಯಾವಾಗ ಕಳಸ್ತಿ?" ಎಂದು ಕೇಳಿದಾಗೆಲ್ಲ ಕರೆಂಟು ಇಲ್ಲ, ಇಂಕು ಇಲ್ಲ ಎಂದು ತಪ್ಪಿಸಿಕೊಳ್ಳತೊಡಗಿದೆ.

ಮೂರನೆಯ ಸಲ ಬಂದಾಗ ಎಂಟನೇ ತಿಂಗಳು ಹಿಡಿದಿತ್ತು. ಮೆಟ್ಟಿಲು ಹತ್ತಲು ಗೋಡೆ ಹಿಡಿದಳು. ಈ ಸ್ಥಿತಿಯಲ್ಲಿ ಎರಡು ಬಸ್ಸು ಹತ್ತಿ ಬಂದದ್ದಕ್ಕೆ ಗದರಿದೆ. "ಇದ ಕಡೀ ಸಲ ವೈನಿ," ಎಂದಷ್ಟೇ ಹೇಳಿ ಆಚೆ ಹೋದಳು. ಅಂಗಡಿಯಲ್ಲಿ ನಮ್ಮ ಅತ್ತೆ, ಸುಂದ್ರವ್ವ ಇಬ್ಬರೂ ಇದ್ದರು. ಟಿವಿಯಲ್ಲಿ ಮಂದಾಕಿನಿಗೆ ಇನ್ನೂ ಏಳನೇ ತಿಂಗಳು.

ಹಮೀದಾಬಿ ಕೈ ತೆಗೆದುಕೊಂಡಳು. ಬೆರಳುಗಳು ನಿಂತವು. ನಾನು ನೋಡಿದ ಹಾಗೆ ಮೊದಲ ಬಾರಿಗೆ ಆಕೆ ಟಿವಿಯಿಂದ ಕಣ್ಣು ಕಿತ್ತು ಕೈಯನ್ನು ನೋಡಿದಳು. ಹೋದ ಸಲ ತಾನೇ ಇಟ್ಟ ಬಳೆಗಳು ಬಾತ ಮಣಿಕಟ್ಟಿನೊಳಗೆ ಹೂತುಕೊಂಡಿದ್ದವು. ಮುಂಗೈಯ ಮೇಲೆ ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಕುಳಿ ಹಾಗೇ ಉಳಿಯಿತು. ನಲವತ್ತು ವರ್ಷ ಬಸುರಿಯರ ಕೈ ಹಿಡಿದವಳಿಗೆ ಯಾವ ಬಾವು ಸಹಜ, ಯಾವುದು ಅಲ್ಲ ಎಂದು ತಿಳಿಯದೆ ಇರುತ್ತದೆಯೇ?

"ತಬ್ಬೂ," ಎಂದಳು. "ಸರ್ ದುಖ್ತಾ ಕ್ಯಾ?"

ತಲೆ ನೋಯುತ್ತದಾ ಎಂದು, ಮನೆಯ ಮಾತಿನಲ್ಲಿ, ಮನೆಯ ಹೆಸರು ಹಿಡಿದು ಕೇಳಿದ್ದಳು. ಮುಖದ ಪರದೆ ಮೇಲೆ ಕೆಳಗೆ ಆಡಿತು. ಎರಡು ದಿನದಿಂದ ನೋಯುತ್ತಿತ್ತಂತೆ, ಕಣ್ಣು ಮಂಜಾಗುತ್ತಿತ್ತಂತೆ. ಹಮೀದಾಬಿ ತನ್ನ ಸೆರಗನ್ನು ಆ ಮಣಿಕಟ್ಟಿಗೆ ಸುತ್ತಿ, ಒಳಗಿನ ಬಳೆಗಳನ್ನು ಒಂದೊಂದಾಗಿ ಒಡೆದು ತೆಗೆದಳು. ಮುತ್ತೈದೆಯ, ಅದೂ ಬಸುರಿಯ ಕೈಯಲ್ಲಿ ಬಳೆ ಒಡೆಯುವ ಸದ್ದಿಗೆ ನಮ್ಮ ಅತ್ತೆ ಬಾಯಿಗೆ ಕೈ ಇಟ್ಟುಕೊಂಡರು. ಹಮೀದಾಬಿ ತಲೆ ಎತ್ತದೆ, "ತ್ರಿಶಲಾ, ಅಟೋ ಕರಿ," ಎಂದಳು. ಚೂರುಗಳು ನೆಲದ ಮೇಲೆ ಬಿದ್ದಿದ್ದವು, ಅಂಗಡಿ ತೆರೆದೇ ಇತ್ತು, ಟಿವಿ ಓಡುತ್ತಲೇ ಇತ್ತು.

ಮೂಡಲಗಿಯ ಡಾಕ್ಟರು ಬಿಪಿ ನೋಡಿ ಎರಡು ಮಾತಾಡದೆ ಅಂಬುಲೆನ್ಸ್ ಹತ್ತಿಸಿದರು. ಗೋಕಾಕದ ಡಾಕ್ಟರು, ಇನ್ನೊಂದು ದಿನ ತಡವಾಗಿದ್ದರೆ ಇಬ್ಬರದ್ದೂ ಕಷ್ಟವಿತ್ತು, ಯಾರು ಗುರುತಿಸಿದರು ಎಂದು ಕೇಳಿದರಂತೆ. ಬಳೆಗಾರ್ತಿ ಎಂದು ಫಯಾಜ ಹೇಳಿದನಂತೆ. ಹದಿನೆಂಟು ದಿನ ಅಲ್ಲೇ ಇಟ್ಟುಕೊಂಡರು. ಹಮೀದಾಬಿ ಒಂದು ದಿನವೂ ಮೂಡಲಗಿಗೆ ಬರಲಿಲ್ಲ. ಹತ್ತೊಂಬತ್ತನೆಯ ದಿನ ಹೆಣ್ಣು ಕೂಸು ಹುಟ್ಟಿತು. ಸಣ್ಣದು, ಆದರೆ ಗಟ್ಟಿಯಾಗಿ ಅತ್ತಿತು.

ಬಾಣಂತಿಯನ್ನು ಅಂಗಡಿಯ ಹಿಂದಿನ ಮನೆಗೇ ಕರೆತಂದಳು. ಹತ್ತರಗಿಯವರು ಫೋನು ಮಾಡಿ ಬೈದರು. ಒಂದು ಸಲ ಕೇಳಿಸಿಕೊಂಡು ಇಟ್ಟಳು, ಎರಡನೆಯ ಸಲ ಎತ್ತಲಿಲ್ಲ.

ಅಂಗಡಿ ಮತ್ತೆ ತೆರೆದ ಮಧ್ಯಾಹ್ನ ನಾನು ಆ ಪತ್ರದ ಪ್ರಿಂಟು ತೆಗೆದುಕೊಂಡು ಹೋದೆ. ಮೂರು ಪುಟ. ಆಕೆಯ ವಿದ್ಯೆಯನ್ನು ಸಂಶಯಿಸಿದ್ದಕ್ಕೆ ನನಗೆ ನಾಚಿಕೆಯಾಗಿತ್ತು, ಇವತ್ತೇ ಸಹಿ ಹಾಕಿಸಿ ಕಳಿಸಬೇಕೆಂದಿದ್ದೆ. "ಕಾಕು, ನೀವು ಹೇಳಿದ್ದ ಖರೆ. ಬಾತ ಕೈಯಾಗೂ ಮಗಳ ಗುರ್ತ ಹಿಡದ್ರಿ. ಆ ಮುದುಕಿದು ಶುದ್ಧ ಸುಳ್ಳು. ಸಹಿ ಮಾಡ್ರಿ," ಎಂದೆ.

ಹಮೀದಾಬಿ ಕಾಗದ ತೆಗೆದುಕೊಂಡಳು, ಪೆನ್ನು ತೆಗೆದುಕೊಳ್ಳಲಿಲ್ಲ. ಒಳಗೆ ಕೂಸು ಕುಸುಗುಟ್ಟುವುದು ಕೇಳುತ್ತಿತ್ತು.

"ಗುರ್ತ ಅವತ್ತ ಹಿಡದದ್ದಲ್ಲ ಯವ್ವಾ, ಮೊದಲನೇ ಸಲ ಕೈ ಕೊಟ್ಟಾಗನ ಗೊತ್ತಾಗಿತ್ತು. ಐದು ಮಿನಿಟಿನ ಕೆಲಸ, ಜಾಹೀರಾತ ಬಂದ್ರೂ ಬಿಡಲಿಲ್ಲ ನಾ. ನೀ ಹಲಗಿ ಮ್ಯಾಲಿಂದ ನೋಡಾಕತ್ತಿದ್ದಿ, ಅದೂ ಗೊತ್ತಿತ್ತು. ಕರೀಬೇಕಂದ್ರ ಆಡಿದ ಮಾತು ಗಂಟಲಾಗ ಅಡ್ಡ ಕುಂತಿತ್ತು."

ಆ ನಿಧಾನವನ್ನು ವಯಸ್ಸೆಂದುಕೊಂಡಿದ್ದೆನಲ್ಲ, ನೆನೆದು ಕಣ್ಣು ತುಂಬಿತು. ಹಮೀದಾಬಿ ಮೂರೂ ಪುಟಗಳನ್ನು ಮಡಚಿ, ಹರಿದು, ಬಳೆಯ ಪೆಟ್ಟಿಗೆಯ ತಳಕ್ಕೆ ಹಾಸಿದಳು. ಟಿವಿಯಲ್ಲಿ ಆ ಮುದುಕಿ ಮತ್ತೆ ಬುಟ್ಟಿ ಹೊತ್ತು ಬಂದಿದ್ದಳು. ಹಮೀದಾಬಿ ಅವಳನ್ನೇ ನೋಡುತ್ತ, ಮೊದಲ ಸಲ ಬೈಯದೆ ಹೇಳಿದಳು:

"ಆಕಿಗೂ ಗುರ್ತ ಸಿಕ್ಕೈತಿ ತ್ರಿಶಲಾ. ಬಾಯಿ ತಗೀವಲ್ಲಳು, ಅಷ್ಟ."