ಆಣೆ ಇಡದ ಸಾಕ್ಷಿ

ಹೈಸ್ಕೂಲು ಮೇಷ್ಟ್ರಾಗಿ ನಾನು ನೊಣವಿನಕೆರೆ ಹತ್ತಿರದ ಹಳ್ಳಿಗೆ ವರ್ಗವಾಗಿ ಬಂದಾಗ ಊರಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದವರು ಗಂಡ ತೀರಿಕೊಂಡ ಮೇಲೆ ತೆಂಗಿನ ತೋಟವನ್ನು ತಾವೇ ನಿಂತು ನೋಡಿಕೊಳ್ಳುತ್ತಿದ್ದ ಹೆಂಗಸು. ನಾವು ಅವರನ್ನು ಅಕ್ಕ ಎನ್ನುತ್ತಿದ್ದೆವು. ಭಾನುವಾರ ತಿಪಟೂರಿನ ಚರ್ಚಿಗೆ ಹೊರಡುವಾಗ ಮನೆಯ ಬೀಗದ ಕೈಯನ್ನು ಅವರಿಗೇ ಕೊಟ್ಟು ಬಸ್ಸು ಹತ್ತುತ್ತಿದ್ದೆವು.

ಒಂದು ರಜೆಯ ದಿನ ಊಟ ಮಾಡುತ್ತ ಕಿಟಕಿಯಾಚೆ ನೋಡುತ್ತಿದ್ದೆ. ಅಕ್ಕನ ತೋಟಕ್ಕೆ ಗೊಬ್ಬರ ತಂದಿದ್ದ ಟ್ರ್ಯಾಕ್ಟರು ಹಿಂದಕ್ಕೆ ಬರುವಾಗ ಗಡಿಯ ಬಾಂದು ಕಲ್ಲಿಗೆ ಗುದ್ದಿತು. ಕಲ್ಲು ಬುಡಮೇಲಾಯಿತು. ಆಚೆಯ ತೋಟ ಅಕ್ಕನ ಮೈದುನನದು. ಡ್ರೈವರು ಇಳಿದು ಅತ್ತಿತ್ತ ನೋಡಿ, ಕಲ್ಲನ್ನು ಮೈದುನನ ತೋಟದೊಳಕ್ಕೆ ಒಂದಿಷ್ಟು ಸರಿಯುವಂತೆ ನೆಟ್ಟು ಹೊರಟುಹೋದ.

ಮೈದುನನ ಕಣ್ಣಿಗೆ ಅದು ಬಿದ್ದ ದಿನ ಜಗಳ ಹತ್ತಿಕೊಂಡಿತು. ಅತ್ತಿಗೆಯೇ ಕಲ್ಲು ಕೀಳಿಸಿದ್ದಾಳೆ ಎಂಬುದು ಅವನ ಮಾತು. ಡ್ರೈವರನ್ನು ಕೇಳಿದರೆ, ತಾನು ಕಲ್ಲನ್ನು ಮುಟ್ಟಿಯೇ ಇಲ್ಲವೆಂದ. ನಾನು ಕಂಡದ್ದನ್ನು ಹೇಳಿದೆ. ಬಾಡಿಗೆಗಿರುವವರು ಮನೆಯವರ ಪರವಾಗಿ ಹೇಳದೆ ಇನ್ನೇನು ಹೇಳುತ್ತಾರೆ ಎಂದು ಮೈದುನ ತಳ್ಳಿಹಾಕಿದ. ಕೊನೆಗೆ ಊರಿನ ಹಿರಿಯರು ಎಲ್ಲರನ್ನೂ ವೀರಭದ್ರನ ಗುಡಿಯ ಮುಂದೆ ಸೇರಿಸಿದರು.

ಹಿರಿಯರೊಬ್ಬರು ಕಲ್ಲುಹಾಸಿನ ಮೇಲೆ ಕರ್ಪೂರ ಹಚ್ಚಿದರು. "ಬನ್ನಿ ಮೇಷ್ಟ್ರೇ. ಕಂಡಿದ್ದು ನಿಜ ಅಂತ ಇದನ್ನ ಅಂಗೈಲಿ ಆರ್ಸಿಬುಡಿ. ಇಲ್ಲಿಗೆ ಮುಗೀತದೆ."

"ಕಂಡದ್ದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಆಣೆ ಮಾತ್ರ ಇಡಲ್ಲ, ಯಜಮಾನ್ರೇ."

"ನಮ್ ದೇವ್ರು ಬ್ಯಾಡ ಅಂದ್ರೆ ಬುಡಿ. ನಿಮ್ ದೇವ್ರ ಪುಸ್ತಕ ತಂದು ಅದರ ಮೇಲೆ ಕೈ ಮಡಗಿ."

"ಆಣೆ ಇಡಲೇಬೇಡಿ ಅಂತ ಯೇಸುಸ್ವಾಮಿ ಹೇಳಿದಾರೆ. ಆ ಪುಸ್ತಕದಲ್ಲೇ ಅದು ಇರೋದು."

ಯಾರೋ ನಕ್ಕರು. ಮೈದುನ ನಗಲಿಲ್ಲ. "ನಿಜ ಹೇಳೋರಿಗೆ ಆಣೆ ಇಡಾಕೆ ಏನ್ರೀ ಭಯ?" ಎಂದ. ಆ ಪ್ರಶ್ನೆಯಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಮತದಾರರ ದಿನ ಮಕ್ಕಳ ಮುಂದೆ ಕೈ ಚಾಚಿ ಪ್ರತಿಜ್ಞೆ ಹೇಳಿಸುವವನೂ ನಾನೇ ಎಂಬುದು ಆಗಲೇ ನೆನಪಾಗಬೇಕೆ? ಅಲ್ಲಿ ಚಾಚುವ ಕೈ ಇಲ್ಲಿ ಏಕೆ ಏಳುವುದಿಲ್ಲ ಎಂದು ಯಾರೂ ಕೇಳಲಿಲ್ಲ; ನಾನೇ ಕೇಳಿಕೊಂಡೆ.

ಅಕ್ಕ ನನ್ನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದು, "ಕಲ್ಲು ನಾನು ಕೀಳ್ಲಿಲ್ಲ, ಕೀಳಿಸ್ಲೂ ಇಲ್ಲ" ಎಂದು ಉರಿಯುತ್ತಿದ್ದ ಕರ್ಪೂರದ ಮೇಲೆ ಅಂಗೈ ಒತ್ತಿದರು. ಉರಿ ಆರಿತು.

ಮೈದುನ ಅತ್ತಿಗೆಯ ಅಂಗೈ ನೋಡಿದ. "ಆಯ್ತು ಕಣತ್ಗೆ, ನಂಬ್ದೆ" ಎಂದ. ಸಂಜೆಯೊಳಗೆ ಇಬ್ಬರೂ ನಿಂತು ಕಲ್ಲನ್ನು ಹಳೆಯ ಗುಳಿಗೇ ನೆಡಿಸಿದರು. ಮಾತು ಬಿಟ್ಟಿದ್ದ ಎರಡು ಮನೆಗಳು ಮತ್ತೆ ಮಾತಾಡಿದವು.

ನಮ್ಮ ಮನೆಯಲ್ಲಿ ಮಾತ್ರ ಮಾತಿಲ್ಲ. ಬಡಿಸುತ್ತಿದ್ದ ನನ್ನ ಹೆಂಡತಿ ಕೊನೆಗೆ, "ನೀವು ನಿಮ್ಮ ಮಾತು ಉಳಿಸ್ಕೊಂಡ್ರಿ. ಕೈ ಸುಟ್ಕೊಂಡಿದ್ದು ಅವರು" ಎಂದಳು. ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಪಾಲಕರಿಗೆ ಎಲ್ಲವನ್ನೂ ಹೇಳಿದೆ. ನೀವು ಮಾಡಿದ್ದೇ ಸರಿ ಎಂದು ಅವರು ಬೆನ್ನು ತಟ್ಟಿದರು. ಸಮಾಧಾನವಾಗಬೇಕಿತ್ತು. ಬಸ್ಸಿನಲ್ಲಿ ಊರು ಸೇರುವವರೆಗೂ ಹೆಂಡತಿ, ಸಭಾಪಾಲಕರು ಇಬ್ಬರಲ್ಲಿ ಯಾರ ಮಾತು ಸರಿಯೆಂದು ತೂಗುತ್ತಲೇ ಇದ್ದೆ. ನೆರೆಯವರನ್ನು ನಿನ್ನಂತೆಯೇ ಪ್ರೀತಿಸು ಎಂದವರೂ ಯೇಸುಸ್ವಾಮಿಯೇ ಅಲ್ಲವೇ?

ಬೀಗದ ಕೈ ತೆಗೆದುಕೊಳ್ಳಲು ಹೋದಾಗ ಅಕ್ಕ ಜಗಲಿಯ ಮೇಲೆ ತೆಂಗಿನ ಗರಿಯಿಂದ ಕಡ್ಡಿ ಸೀಳುತ್ತಿದ್ದರು. ಅಂಗೈಗೆ ಅರಿಶಿನ ಹಚ್ಚಿದ್ದರು. ಕ್ಷಮೆ ಕೇಳಬೇಕೋ ಬೇಡವೋ ತಿಳಿಯದೆ ನಿಂತಿದ್ದೆ. ಅವರೇ ಕೇಳಿದರು:

"ಅಲ್ಲ ಮೇಷ್ಟ್ರೇ, ಆಣೆ ಇಟ್ಟಿದ್ದುಕ್ಕೆ ನಿಮ್ ದೇವ್ರಿಗೆ ನನ್ ಮ್ಯಾಲೂ ಸಿಟ್ಟು ಬತ್ತದಾ?"

ಅವರು ಕೆಣಕುತ್ತಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು.

"ಇಲ್ಲಕ್ಕ" ಎಂದೆ. ಹೇಳಿದ ಮೇಲೆ, ಅಷ್ಟು ಖಂಡಿತವಾಗಿ ಹೇಳಲು ನನಗೆ ಹೇಗೆ ಗೊತ್ತು ಎನ್ನಿಸಿತು.

"ಅಂಗಾರೆ ಸರಿ" ಎಂದು ಅವರು ಮತ್ತೊಂದು ಗರಿ ಎತ್ತಿಕೊಂಡರು.